ಗುಡ್ಡದ ಹಾದಿಗೆ ಟೈಲ್ಸ್ ಬೇಡ ಮೇಡಂ

ಬೆಂಗಳೂರು ದಕ್ಷಿಣದಿಂದ ಒಬ್ಬ ನಿವೃತ್ತ ಟೀಚರ್ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುತ್ತಿಲ್ಲ. ಪತ್ರ ಹೀಗಿದೆ:

"ಸಂಪಾದಕರೇ, ಕಳೆದ ಸಂಚಿಕೆಯಲ್ಲಿ ನೀವು ಕಾಡುದಾರಿಯ ಓಟದ ಬಗ್ಗೆ ಬರೆದದ್ದನ್ನು ಓದಿ ನಾನೂ ತುರಹಳ್ಳಿ ಕಾಡಿಗೆ ಹೋದೆ. ನನಗೆ 61 ವರ್ಷ. ಮನೆ ಹತ್ತಿರದ ಪಾರ್ಕಿನಲ್ಲಿ ನಾಲ್ಕು ವರ್ಷದಿಂದ ನಿಧಾನವಾಗಿ ಓಡುತ್ತಿದ್ದೇನೆ. ತುರಹಳ್ಳಿಯ ಇಳಿಜಾರಿನಲ್ಲಿ ಕಾಲು ಜಾರಿ ಬಿದ್ದೆ, ಅಂಗೈ ತರಚಿತು. ಅಷ್ಟು ಚೆಂದದ ಜಾಗ, ಆದರೆ ಒಂದು ಸರಿಯಾದ ಟ್ರ್ಯಾಕ್ ಇಲ್ಲ, ಲೈಟ್ ಇಲ್ಲ, ಕೂರಲು ಬೆಂಚಿಲ್ಲ. ಟೈಲ್ಸ್ ಹಾಕಿ ಪಕ್ಕದಲ್ಲಿ ಕಂಬಿ ನೆಟ್ಟರೆ ನಮ್ಮಂಥವರೂ ಬರಬಹುದಲ್ಲವೇ? ಕಾಡು ಬರೀ ಹುಡುಗರಿಗಾ? ನೀವು ಇದರ ಬಗ್ಗೆ ಬರೆಯಬೇಕು. ಇನ್ನೊಂದು, ಈ ವಯಸ್ಸಿನಲ್ಲಿ ಗುಡ್ಡದಲ್ಲಿ ಓಡುವುದು ಸರಿಯಾ? ಅದನ್ನೂ ಹೇಳಿ."

ಮೇಡಂ, ಮೊದಲು ಕೈ ಹೇಗಿದೆ? ತರಚಿದ್ದು ವಾಸಿಯಾಗಿರಬೇಕು ಅಂದುಕೊಳ್ಳುತ್ತೇನೆ. 57ಕ್ಕೆ ಓಟ ಶುರು ಮಾಡಿ ನಾಲ್ಕು ವರ್ಷ ಬಿಡದೆ ಓಡುವವರು ನನ್ನ ಪರಿಚಯದಲ್ಲಿ ತೀರಾ ಕಡಿಮೆ. ಪತ್ರಿಕೆಯಲ್ಲಿ ಓದಿದ್ದನ್ನು ಅಲ್ಲಿಗೇ ಬಿಡದೆ ಹೋಗಿ ನೋಡಿದ್ದೀರಿ. ಅದು ನನಗೆ ತುಂಬಾ ಖುಷಿ ಕೊಟ್ಟಿತು.

ನಿಮ್ಮ ಮಾತಿನಲ್ಲಿ ನ್ಯಾಯ ಇದೆ. ಊರುಗೋಲು ಹಿಡಿದವರಿಗೆ, ಗಾಲಿಕುರ್ಚಿಯಲ್ಲಿ ಬರುವವರಿಗೆ, ಮಂಡಿ ಆಪರೇಷನ್ ಆದವರಿಗೆ ಮರದ ನೆರಳು ಬೇಕು, ಅದಕ್ಕೆ ಸಮತಟ್ಟಾದ ದಾರಿಯೂ ಬೇಕು. ಲಾಲ್‌ಬಾಗ್‌ನಲ್ಲಿ, ಕಬ್ಬನ್ ಪಾರ್ಕಿನಲ್ಲಿ ಅಂಥ ದಾರಿ ಇದೆ. ಎಲ್ಲ ಬಡಾವಣೆಯಲ್ಲೂ ಇರಬೇಕು. ಇದರಲ್ಲಿ ನನ್ನ ತಕರಾರಿಲ್ಲ.

ಆದರೆ ತುರಹಳ್ಳಿಗೆ ಟೈಲ್ಸ್ ಬೇಡ. ಒಂದು ಸಾಲೂ ಬೇಡ.

ನೀವು ಬಿದ್ದ ಜಾಗ ನನಗೆ ಗೊತ್ತು ಅನ್ನಿಸುತ್ತದೆ. ನೀಲಗಿರಿ ಮರಗಳು ಮುಗಿದು ಬಂಡೆ ಶುರುವಾಗುವ ಕಡೆ ಇರಬೇಕು, ಅಲ್ವಾ? ಅಲ್ಲಿ ಬಂಡೆ ಸವೆದು ಉದುರಿದ ಗರಸು ಹಾದಿಯ ಮೇಲೆ ಹರಡಿರುತ್ತದೆ. ಬೇಸಿಗೆಯಲ್ಲಿ ಅದರ ಮೇಲೆ ಕಾಲಿಟ್ಟರೆ ಕಣದಲ್ಲಿ ಚೆಲ್ಲಿದ ರಾಗಿಯ ಮೇಲೆ ಇಟ್ಟ ಹಾಗೆ. ಅಲ್ಲಿ ನಾನೂ ಎರಡು ಸಲ ಜಾರಿದ್ದೇನೆ. ಆಮೇಲೆ ಕಾಲು ತಾನಾಗಿಯೇ ಕಲಿತುಕೊಂಡಿತು. ಹೆಜ್ಜೆ ಚಿಕ್ಕದಾಯಿತು, ಮಂಡಿ ಸ್ವಲ್ಪ ಬಗ್ಗಿತು, ಕಣ್ಣು ನಾಲ್ಕು ಹೆಜ್ಜೆ ಮುಂದೆ ನೋಡತೊಡಗಿತು. ಇದನ್ನು ಯಾರೂ ಹೇಳಿಕೊಡಲಿಲ್ಲ, ಆ ನೆಲವೇ ಕಲಿಸಿತು.

ಟೈಲ್ಸ್ ಮೇಲೆ ಬಿದ್ದದ್ದನ್ನೂ ಹೇಳುತ್ತೇನೆ. ನಾನಿರುವ ಕಡೆ ಒಂದು ಪಾರ್ಕಿದೆ. ಮೊದಲು ಅದರೊಳಗೆ ಮಣ್ಣಿನ ಹಾದಿ ಇತ್ತು, ಎರಡೂ ಕಡೆ ಹೊಂಗೆ ಮರ. ಒಂದು ಬೇಸಿಗೆಯಲ್ಲಿ ಹಾದಿಯನ್ನು ಅಗೆದು, ಕೆಳಗೆ ಕಾಂಕ್ರೀಟ್ ಸುರಿದು, ಮೇಲೆ ಕೆಂಪು ಹಳದಿ ಟೈಲ್ಸ್ ಕೂರಿಸಿದರು. ಮೂರು ಮಳೆಗಾಲ ಕಳೆಯುವಷ್ಟರಲ್ಲಿ ಹೊಂಗೆ ಬೇರು ಟೈಲ್ಸನ್ನು ಎತ್ತಿಬಿಟ್ಟಿತು, ಅಲ್ಲೊಂದು ಇಲ್ಲೊಂದು ಮೂಲೆ ಮೇಲೆದ್ದು ನಿಂತಿತು. ನೆರಳಿರುವ ಕಡೆಯೆಲ್ಲ ಪಾಚಿ. ಆಗಸ್ಟ್ ತಿಂಗಳ ಒಂದು ಬೆಳಗ್ಗೆ ಆ ಪಾಚಿಯ ಮೇಲೆ ಜಾರಿ ಎಡಗೈ ಮಣಿಕಟ್ಟು ಮುರಿದುಕೊಂಡೆ. ಆರು ವಾರ ಪ್ಲಾಸ್ಟರ್. ಗರಸಿನ ಮೇಲೆ ಬಿದ್ದಾಗ ನಿಮಗೆ ಚರ್ಮ ತರಚಿತು. ಟೈಲ್ಸ್ ಮೇಲೆ ಬಿದ್ದಾಗ ನನ್ನ ಮೂಳೆ ಮುರಿಯಿತು. ಬಿದ್ದ ತಕ್ಷಣ ನೆಲವನ್ನೇ ಬದಲಾಯಿಸಿ ಅಂದಿರಲ್ಲ ಮೇಡಂ, ಅದೊಂದು ಮಾತು ನನಗೆ ಸ್ವಲ್ಪ ಬೇಸರ ತಂದಿತು. ಕೈಬರಹ ಕೆಟ್ಟಿದೆ ಎಂದು ನಿಮ್ಮ ಕ್ಲಾಸಿನ ಮಕ್ಕಳಿಗೆ ನೀವು ಬರೆಯುವುದನ್ನೇ ಬಿಡಿಸಿರಲಿಕ್ಕಿಲ್ಲ.

ತುರಹಳ್ಳಿ ಅಂದರೆ ಹೆಚ್ಚೆಂದರೆ 600 ಎಕರೆ. ಸುತ್ತ ಅಪಾರ್ಟ್‌ಮೆಂಟು, ಲೇಔಟು. ನಡುವೆ ಬಂಡೆ, ಕುರುಚಲು, ನೀಲಗಿರಿ, ನವಿಲು. ಚಿರತೆ ಕಾಣಿಸಿತು ಎನ್ನುವ ಸುದ್ದಿಯೂ ಆಗಾಗ ಬರುತ್ತದೆ. 2021ರಲ್ಲಿ ಅಲ್ಲಿ ಟ್ರೀ ಪಾರ್ಕ್ ಮಾಡುತ್ತೇವೆ ಎಂದು ಅರಣ್ಯ ಇಲಾಖೆಯವರು ಹೊರಟಿದ್ದರು. ಫೆಬ್ರವರಿಯಲ್ಲಿ ಓಡುವವರು, ಸೈಕಲ್ಲಿನವರು, ಹಕ್ಕಿ ನೋಡುವವರು, ಅಕ್ಕಪಕ್ಕದ ಮನೆಯವರು ಎಲ್ಲ ಸೇರಿ ಬೇಡ ಅಂದರು. ಕೈಯಲ್ಲಿ ಬೋರ್ಡ್ ಹಿಡಿದು ನಿಂತವರಲ್ಲಿ ನಿಮ್ಮ ವಯಸ್ಸಿನವರೂ ಇದ್ದರು, ನನಗೆ ನೆನಪಿದೆ. ಆಗ ಕೆಲಸ ನಿಂತಿತು. ನೀವು ಓಡಿದ ಹಾದಿ ಇನ್ನೂ ಮಣ್ಣಾಗಿ ಉಳಿದಿರುವುದು ಅದರಿಂದ.

ಗುಡ್ಡದ ಹಾದಿಗೆ ಏನೂ ಮಾಡಬಾರದು, ಹಾಗೇ ಬಿಡಬೇಕು ಎಂದು ನಾನು ಹೇಳುತ್ತಿಲ್ಲ. ಮಾಡುವ ಕೆಲಸ ಬೇಕಾದಷ್ಟಿದೆ. ನಾವು ಮಾಡುತ್ತಿಲ್ಲ, ಅಷ್ಟೇ. ಗುಡ್ಡದ ಹಾದಿಯನ್ನು ಹಾಳು ಮಾಡುವುದು ಓಡುವ ಕಾಲಿಗಿಂತ ಜಾಸ್ತಿ, ಹರಿಯುವ ನೀರು. ಹಾದಿ ನೆಟ್ಟಗೆ ಕೆಳಕ್ಕೆ ಇಳಿದರೆ ಮಳೆನೀರಿಗೂ ಅದೇ ಹಾದಿ. ಎರಡು ಮಳೆಗಾಲದಲ್ಲಿ ಅದು ಕಾಲುವೆಯಾಗುತ್ತದೆ. ಜನ ಕಾಲುವೆ ಬಿಟ್ಟು ಪಕ್ಕದಲ್ಲಿ ನಡೆಯುತ್ತಾರೆ, ಅಲ್ಲೂ ಹುಲ್ಲು ಸಾಯುತ್ತದೆ, ಅಲ್ಲೂ ಕಾಲುವೆ. ಅದಕ್ಕೇ ಹಾದಿ ಗುಡ್ಡದ ಮೈಗೆ ಅಡ್ಡಡ್ಡ ಹೋಗಬೇಕು. ಹಾದಿಯ ಏರು ಗುಡ್ಡದ ಇಳಿಜಾರಿನ ಅರ್ಧಕ್ಕಿಂತ ಜಾಸ್ತಿ ಇರಬಾರದು. ಸುಮಾರಾಗಿ 100 ಅಡಿ ನಡೆದರೆ 10 ಅಡಿ ಏರಿದರೆ ಸಾಕು. ಹಾದಿ ಹೊರಗಡೆಗೆ ಒಂಚೂರು ವಾಲಿದ ಹಾಗೆ ಇರಬೇಕು, ಬಿದ್ದ ನೀರು ಅಲ್ಲಲ್ಲೇ ಅಂಚು ದಾಟಿ ಇಳಿದು ಹೋಗುತ್ತದೆ. ತೀರಾ ಕಡಿದಾದ ಕಡೆ ಹಾದಿಗೆ ಓರೆಯಾಗಿ ಕಲ್ಲು ಹೂಳಬೇಕು. ಇಷ್ಟಕ್ಕೆ ಗುದ್ದಲಿ, ಹಾರೆ, ನಾಲ್ಕು ಜನ ಸಾಕು, ಟೆಂಡರ್ ಬೇಕಾಗಿಲ್ಲ.

ಒಂದು ಜೂನ್ ತಿಂಗಳಲ್ಲಿ ಹಿಂದಿನ ರಾತ್ರಿ ಜೋರು ಮಳೆ ಬಂದಿತ್ತು. ಬೆಳಗ್ಗೆ ಹೋದರೆ ದನ ಮೇಯಿಸಲು ಬಂದ ಒಬ್ಬ ಅಜ್ಜ ಹಾದಿಯ ಮಧ್ಯೆ ಕುಕ್ಕರುಗಾಲಲ್ಲಿ ಕೂತಿದ್ದ. ಕೈಯಲ್ಲೊಂದು ಕುಡುಗೋಲು. ಅದರ ತುದಿಯಿಂದ ಮಣ್ಣು ಕೆರೆದು ಮೂರು ಕಲ್ಲುಗಳನ್ನು ಓರೆಯಾಗಿ, ಒಂದಕ್ಕೊಂದು ತಾಗಿಸಿ ಕೂರಿಸುತ್ತಿದ್ದ. ಸಂದಿಗೆ ಹುಲ್ಲಿನ ಗೆಡ್ಡೆ ತುರುಕಿ ಹಿಮ್ಮಡಿಯಿಂದ ಒತ್ತಿದ. ಯಾಕಜ್ಜ ಅಂದೆ. "ನೀರು ಆ ಕಡೆಗೆ ಹೋಗ್ಲಿ ಅಂತ ಕಣಪ್ಪ" ಅಂದ. ಮುಂದಿನ ವಾರ ನೋಡಿದರೆ ಕಲ್ಲಿನ ಮೇಲ್ಗಡೆ ನುಣ್ಣನೆ ಕೆಂಪು ಮಣ್ಣು ಬಂದು ನಿಂತಿತ್ತು, ಅದರಲ್ಲಿ ನವಿಲಿನ ಮೂರು ಬೆರಳು ಅಚ್ಚೊತ್ತಿದ ಹಾಗೆ ಮೂಡಿತ್ತು. ಆ ಹತ್ತು ಹೆಜ್ಜೆ ಹಾದಿ ಆ ಮಳೆಗಾಲ ಪೂರ್ತಿ ಕೊರೆಯಲಿಲ್ಲ. ಮಲೆನಾಡಿನಲ್ಲಿ ಅಡಿಕೆ ತೋಟ ಮಾಡುವವರನ್ನು ಕೇಳಿ, ನೀರು ಬಸಿದು ಹೋಗಲು ಬಿಡುವುದೇ ಅರ್ಧ ಬೇಸಾಯ ಅನ್ನುತ್ತಾರೆ. ನಮ್ಮವರಿಗೆ ಇದೆಲ್ಲ ಗೊತ್ತಿರುವ ವಿದ್ಯೆ.

ಗುಡ್ಡದ ಮೇಲೆ ನೀರಿನ ಲೆಕ್ಕ ತಪ್ಪಿದರೆ ಏನಾಗುತ್ತದೆ ಅಂತ ಮೈಸೂರಿನವರು ಕಣ್ಣಾರೆ ನೋಡಿದ್ದಾರೆ. 2021ರ ಕೊನೆಯ ಮಳೆಗಳಿಗೆ ಚಾಮುಂಡಿ ಬೆಟ್ಟದಲ್ಲಿ ನಂದಿಯ ಕಡೆಗೆ ಹೋಗುವ ರಸ್ತೆ ಕುಸಿದಿತ್ತು. ಅದೇ ಬೆಟ್ಟದ ಸಾವಿರ ಮೆಟ್ಟಿಲನ್ನು 300 ವರ್ಷಕ್ಕೂ ಮೇಲಿಂದ ಜನ ಹತ್ತುತ್ತಿದ್ದಾರೆ.

ಓಟದ ವಿಷಯಕ್ಕೇ ಬರೋಣ. ಪ್ರತಿ ವರ್ಷ ಬೆಂಗಳೂರಿನ 10 ಕಿಲೋಮೀಟರ್ ಓಟಕ್ಕೆ ಕೀನ್ಯಾದವರು ಬರುತ್ತಾರೆ, ಮುಂದಿನ ಸಾಲಿನಲ್ಲಿ ಮುಗಿಸುತ್ತಾರೆ. ಅವರಲ್ಲಿ ಎಷ್ಟೋ ಜನ ತಯಾರಾಗುವುದು ಇಟೆನ್ ಕಡೆಯ ಬೆಟ್ಟದ ಊರುಗಳಲ್ಲಿ, ಸಮುದ್ರಮಟ್ಟದಿಂದ 2,400 ಮೀಟರ್ ಎತ್ತರದಲ್ಲಿ, ಕೆಮ್ಮಣ್ಣಿನ ದಾರಿಗಳ ಮೇಲೆ. ಟೈಲ್ಸ್ ಮೇಲೆ ಸಾವಿರ ಸಲವೂ ಕಾಲು ಒಂದೇ ರೀತಿ ಊರುತ್ತದೆ, ಅದೇ ಕೀಲಿಗೆ ಅದೇ ಪೆಟ್ಟು. ಮಣ್ಣಿನ ಏರುತಗ್ಗಿನಲ್ಲಿ ಎರಡು ಹೆಜ್ಜೆ ಒಂದೇ ಥರ ಬೀಳುವುದಿಲ್ಲ. ಪಾದದ, ಕಣಕಾಲಿನ ಸಣ್ಣಸಣ್ಣ ಸ್ನಾಯುಗಳಿಗೆಲ್ಲ ಕೆಲಸ ಸಿಗುತ್ತದೆ.

ಅದೇ ದೇಶದ ಇನ್ನೊಂದು ವಿಷಯ ಹೇಳಲೇಬೇಕು. ನೈರೋಬಿ ಊರೊಳಗೆ ಕರೂರಾ ಅಂತ ಒಂದು ಕಾಡಿದೆ, ಸಾವಿರ ಹೆಕ್ಟೇರು ದಾಟುತ್ತದೆ. 1990ರ ದಶಕದಲ್ಲಿ ಅದನ್ನು ಕಡಿದು ಕಟ್ಟಡ ಕಟ್ಟಲು ಹೊರಟಿದ್ದರು. ಅಲ್ಲಿನ ಪರಿಸರ ಹೋರಾಟಗಾರ್ತಿ ವಂಗಾರಿ ಮಾಥಾಯ್ ಗಿಡ ನೆಡುತ್ತೇನೆ ಎಂದು ಆ ಕಾಡಿಗೆ ಹೋದರು. 1999ರ ಜನವರಿಯಲ್ಲಿ ಅವರ ತಲೆ ಒಡೆದು ರಕ್ತ ಬರುವಂತೆ ಹೊಡೆದರು. ಅವರು ಬಿಡಲಿಲ್ಲ. 2004ರಲ್ಲಿ ಅವರಿಗೆ ನೊಬೆಲ್ ಶಾಂತಿ ಪ್ರಶಸ್ತಿ ಬಂತು. ಇವತ್ತು ಆ ಕಾಡಿನ ಮಣ್ಣಿನ ಹಾದಿಗಳಲ್ಲಿ ಊರಿನವರು ಓಡುತ್ತಾರೆ, ಮಕ್ಕಳನ್ನು ಕರೆದುಕೊಂಡು ಬರುತ್ತಾರೆ. ಒಬ್ಬ ಹೆಂಗಸು ಪೆಟ್ಟು ತಿಂದು ಉಳಿಸಿದ ಹಾದಿ ಅದು.

ನಮ್ಮಲ್ಲಿ? ಮಣ್ಣು ಕಂಡರೆ "ಇನ್ನೂ ಅಭಿವೃದ್ಧಿ ಆಗಿಲ್ಲ" ಅನ್ನುತ್ತೇವೆ. ಕೆರೆ ಅಭಿವೃದ್ಧಿ ಅಂದರೆ ಅಂಚನ್ನೆಲ್ಲ ಬಟ್ಟಲಿನ ಹಾಗೆ ಕಡಿದು ಸುತ್ತ ವಾಕಿಂಗ್ ಟ್ರ್ಯಾಕ್ ಮಾಡುವುದು. ಅಂಚಿನ ಜೊಂಡು ಹೋದ ಮೇಲೆ ನಾಮದ ಕೋಳಿ ಎಲ್ಲಿ ಗೂಡು ಕಟ್ಟಬೇಕು? ಮರದ ಬುಡಕ್ಕೆ ಕುತ್ತಿಗೆ ಹಿಸುಕಿದ ಹಾಗೆ ಸಿಮೆಂಟ್ ಕಟ್ಟೆ. ಆ ಮರ ಗಾಳಿಗೆ ಬಿದ್ದರೆ ಮರದ್ದೇ ತಪ್ಪು. ಪಾರ್ಕಿನ ಗೇಟಿನಲ್ಲಿ ಓಡಬಾರದು, ಆಡಬಾರದು, ಹುಲ್ಲಿನ ಮೇಲೆ ಕೂರಬಾರದು ಎಂದು ಬೋರ್ಡ್. ಮೊನ್ನೆ ನಮ್ಮ ಬೀದಿಯ ಏಳು ವರ್ಷದ ಒಂದು ಮಗುವನ್ನು ಗುಡ್ಡಕ್ಕೆ ಕರೆದುಕೊಂಡು ಹೋಗಿದ್ದೆ. ಒದ್ದೆ ಮಣ್ಣಿನ ಮೇಲೆ ಕಾಲಿಡಲು ಹೆದರಿ ಅತ್ತುಬಿಟ್ಟಿತು. ಅದನ್ನು ಎತ್ತಿಕೊಂಡು ಬಂದ ದಿನ ರಾತ್ರಿ ನನಗೆ ನಿದ್ದೆ ಬರಲಿಲ್ಲ ಮೇಡಂ. ಬೆಂಗಳೂರಿನಲ್ಲಿ ಹುಟ್ಟಿದ ಮಗುವಿಗೆ ಮಣ್ಣೇ ಹೊಸದು.

ಲೈಟ್ ಕೂಡ ಬೇಡ. ರಾತ್ರಿ ಆ ಜಾಗ ಗೂಬೆಗೆ, ಮುಳ್ಳುಹಂದಿಗೆ, ಚಿರತೆಗೆ ಸೇರಿದ್ದು. ನಾವು ಬೆಳಕು ಹರಿದ ಮೇಲೆ ಹೋಗಿ ಬಂದರಾಯಿತು. ಬೆಂಚು? ಅಲ್ಲಿರುವ ಬಂಡೆಗಳ ಮೇಲೆ ಒಮ್ಮೆ ಕೂತು ನೋಡಿ. ಬೆಳಗಿನ ಏಳು ಗಂಟೆಗೆ ಅದು ಬೆಚ್ಚಗೂ ಇರುತ್ತದೆ, ತಣ್ಣಗೂ ಇರುತ್ತದೆ.

ನಿಮ್ಮ ಕೊನೆಯ ಪ್ರಶ್ನೆಗೆ ಬರುತ್ತೇನೆ. ಖಂಡಿತ ಓಡಬಹುದು. ಮೊದಲು ಡಾಕ್ಟರ ಹತ್ತಿರ ಮೂಳೆ ಎಷ್ಟು ಗಟ್ಟಿಯಿದೆ ಅಂತ ಒಂದು ಸಲ ನೋಡಿಸಿಕೊಳ್ಳಿ, ನಮ್ಮ ಹೆಣ್ಣುಮಕ್ಕಳು ಅದನ್ನು ಮುಂದೂಡುತ್ತಲೇ ಇರುತ್ತಾರೆ. ಪಾರ್ಕಿನ ಶೂ ಅಡಿ ನುಣ್ಣಗಿರುತ್ತದೆ, ಗುಡ್ಡಕ್ಕೆ ಅಡಿಯಲ್ಲಿ ಹಲ್ಲು ಹಲ್ಲು ಇರುವ ಶೂ ಬೇಕು. ಮೊದಲ ತಿಂಗಳು ವಾರಕ್ಕೆ ಒಂದೇ ದಿನ, ಅರ್ಧ ಗಂಟೆ. ಎಷ್ಟು ಕಿಲೋಮೀಟರ್ ಆಯಿತು ಅಂತ ನೋಡಲೇಬೇಡಿ. ಏರಿನಲ್ಲಿ ನಡೆಯಿರಿ, ಒಳ್ಳೊಳ್ಳೆ ಓಟಗಾರರೂ ಕಡಿದಾದ ಏರಿನಲ್ಲಿ ನಡೆಯುತ್ತಾರೆ. ಸಮ ಇರುವ ಕಡೆ ಓಡಿ. ಗರಸಿನ ಇಳಿಜಾರು ಬಂದರೆ ಮತ್ತೆ ನಡಿಗೆ. ಇಳಿಯುವಾಗ ತೊಡೆಯ ಸ್ನಾಯು ಹಿಗ್ಗುತ್ತಲೇ ಭಾರ ತಡೆಯಬೇಕು, ಅದಕ್ಕೇ ನೋವು ಅವತ್ತಲ್ಲ, ಮಾರನೇ ದಿನ, ಅದರ ಮಾರನೇ ದಿನ ಬರುತ್ತದೆ. ಹೆದರಬೇಡಿ, ಮೂರು ನಾಲ್ಕು ದಿನಕ್ಕೆ ಇಳಿಯುತ್ತದೆ. ಒಬ್ಬರೇ ಹೋಗಬೇಡಿ. ಕಿವಿಗೆ ಹಾಡು ಹಾಕಿಕೊಳ್ಳಬೇಡಿ.

ಜೊತೆಗೆ ಯಾರೂ ಇಲ್ಲದಿದ್ದರೆ ಕಚೇರಿಗೆ ಒಂದು ಫೋನ್ ಮಾಡಿ. ಭಾನುವಾರ ಬೆಳಗ್ಗೆ ನಾನೂ ಬರುತ್ತೇನೆ. ಆ ಮೂರು ಕಲ್ಲು ಎಲ್ಲಿದೆ ಅಂತ ನಿಮಗೆ ತೋರಿಸಬೇಕು.