ಕೆನ್ನೆ ಊದಿದರೆ ಅದು ಮಂಗನಬಾವೇ ಆಗಿರಬೇಕಾ?

ಬೇಕಿಲ್ಲ. ಕಿವಿಯ ಮುಂದೆ, ಕೆಳಗೆ ಇರುವ ಜೊಲ್ಲಿನ ಗ್ರಂಥಿ ಬೇರೆ ಕಾರಣಗಳಿಗೂ ಊದುತ್ತದೆ. ಅದರಲ್ಲೊಂದು ಜೊಲ್ಲು ಹರಿಯುವ ನಾಳದಲ್ಲಿ ಕಟ್ಟಿಕೊಳ್ಳುವ ಸಣ್ಣ ಕಲ್ಲು: ಊಟಕ್ಕೆ ಕೂತಾಗ, ಅದರಲ್ಲೂ ಹುಳಿ ತಿಂದಾಗ, ಜೊಲ್ಲು ಜಾಸ್ತಿ ಬರುತ್ತದೆ, ದಾರಿ ಮುಚ್ಚಿರುವುದರಿಂದ ಹಿಂದೆಯೇ ತುಂಬಿಕೊಂಡು ಒಂದು ಕಡೆ ಉಬ್ಬಿ ನೋಯುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಮಂಗನಬಾವು ಹಾಗೆ ಬಂದು ಹೋಗುವುದಿಲ್ಲ, ದಿನಗಟ್ಟಲೆ ಇರುತ್ತದೆ. ಹಲ್ಲಿನ ಬುಡದ ಕೀವು, ಗಂಟಲು ಸೋಂಕಿಗೆ ಊದುವ ಕುತ್ತಿಗೆಯ ಗಂಟುಗಳು, ಕೆಲವೊಮ್ಮೆ ಫ್ಲೂ ವೈರಸ್ ಕೂಡ ಹೀಗೇ ಕಾಣಿಸಬಹುದು. ಊದಿದ ಜಾಗ ಕೆಂಪಾಗಿ, ಬಾಯೊಳಗೆ ಕೀವು ಬರುತ್ತಿದ್ದರೆ ಅದು ಬ್ಯಾಕ್ಟೀರಿಯಾ ಸೋಂಕಿರಬಹುದು. ಸುಮ್ನೆ ಲೇಪ ಹಚ್ಚಿಕೊಂಡು ಕಾಯಬೇಡಿ, ಅವತ್ತೇ ಡಾಕ್ಟರಿಗೆ ತೋರಿಸಿ.