‘ಕ್ಷಣಾರ್ಧದಲ್ಲಿ’ ಏನೇನಾಯಿತು? — ಒಬ್ಬ ಲೇಖಕರಿಗೆ ಉತ್ತರ

ಪ್ರಿಯ ಲೇಖಕರೇ,

‘ರೂಪ ಬದಲಿಸುವ ರಕ್ಕಸ’ ಎಂಬ ನಿಮ್ಮ ಹದಿನಾಲ್ಕು ಪುಟದ ಪ್ರಬಂಧ ತಲುಪಿದೆ. ಈಗಿರುವಂತೆ ಅದನ್ನು ಪ್ರಕಟಿಸಲಾಗುವುದಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಈ ಮಾತನ್ನು ಪತ್ರದ ಕೊನೆಗೆ ಇಟ್ಟುಕೊಂಡರೆ ನೀವು ನಡುವಿನದ್ದನ್ನೆಲ್ಲ ಬಿಟ್ಟು ಅದನ್ನೇ ಹುಡುಕುತ್ತೀರಿ. 1984ರಲ್ಲಿ ಅಮೆರಿಕದ ಹಾಸ್ಬ್ರೋ ಸಂಸ್ಥೆ ಮಾರಾಟಕ್ಕಿಟ್ಟ ಮೆಗಾಟ್ರಾನ್ ಎಂಬ, ರೋಬೋಟಿನಿಂದ ಬಂದೂಕಾಗುವ ಗೊಂಬೆ ಮತ್ತು ಅದೇ ವರ್ಷ ಸೆಪ್ಟೆಂಬರಿನಲ್ಲಿ ಟೀವಿಗೆ ಬಂದ ಟ್ರಾನ್ಸ್‌ಫಾರ್ಮರ್ಸ್ ಕಾರ್ಟೂನಿನ ಬಗ್ಗೆ ನೀವು ಮಾಹಿತಿಯನ್ನು ಶ್ರದ್ಧೆಯಿಂದ ಕಲೆಹಾಕಿದ್ದೀರಿ. ಆ ಹೆಸರು ಅಣುಬಾಂಬಿನ ಬಲವನ್ನು ಅಳೆಯುವ ಮೆಗಾಟನ್ನನ್ನು ನೆನಪಿಸಿ ಹೆದರಿಸುತ್ತದೆ ಎಂದು ಹಾಸ್ಬ್ರೋದವರು ಹಿಂಜರಿದಾಗ, ಹೆಸರಿಟ್ಟ ಬಾಬ್ ಬುಡಿಯಾನ್ಸ್ಕಿ ‘ಖಳನಾಯಕನ ಹೆಸರು ಹೆದರಿಸಲೇಬೇಕಲ್ಲ’ ಎಂದು ವಾದಿಸಿದ ಪ್ರಸಂಗವೂ ಸರಿಯಾಗಿದೆ. ಆಟಿಕೆ ಬಂದೂಕುಗಳಿಗೆ ಅವು ನಿಜವಾದವಲ್ಲ ಎಂಬ ಗುರುತು ಕಡ್ಡಾಯ ಮಾಡಿದ 1988ರ ಅಮೆರಿಕದ ಕಾನೂನಿನ ವಿವರವೂ ಸರಿಯಾಗಿದೆ. ಇವಿಷ್ಟಕ್ಕೆ ಅಭಿನಂದನೆ.

ನನ್ನ ತಕರಾರು ಮೂರನೆಯ ಪುಟದ ಒಂದು ಪ್ಯಾರಾದ ಮೇಲೆ. ಅದನ್ನು ಓದಿದ ಮೇಲೆ ಉಳಿದ ಹನ್ನೊಂದು ಪುಟಗಳನ್ನು ಸಮಾಧಾನದಿಂದ ಓದಲು ನನ್ನಿಂದಾಗಲಿಲ್ಲ. ನೀವು ಬರೆದದ್ದು ಹೀಗಿದೆ: “ಕ್ಷಣಾರ್ಧದಲ್ಲಿ ಮೆಗಾಟ್ರಾನ್ ತನ್ನ ಲೋಹದೈತ್ಯನ ರೂಪವನ್ನು ತ್ಯಜಿಸಿ ಅದ್ಭುತವಾದ ಬಂದೂಕಾಗಿ ಮಾರ್ಪಡುತ್ತಾನೆ. ತನ್ನ ಮಾಯಾಶಕ್ತಿಯಿಂದ ಗಾತ್ರವನ್ನೂ ಇಚ್ಛಾನುಸಾರ ಕುಗ್ಗಿಸಿಕೊಳ್ಳುತ್ತಾನೆ. ನಮ್ಮ ಪುರಾಣದ ಮಾರೀಚನೂ ಹೀಗೆಯೇ ಅಲ್ಲವೇ?”

ಮೊದಲು ‘ಕ್ಷಣಾರ್ಧದಲ್ಲಿ’. ಇದು ಯಾರ ಕ್ಷಣಾರ್ಧ? ಕಾರ್ಟೂನಿನದ್ದಾದರೆ ಒಪ್ಪಬಹುದು. ಅಲ್ಲಿ ಅವನು ಗಾಳಿಯಲ್ಲಿ ಒಂದು ಲಾಗ ಹಾಕುತ್ತಾನೆ, ಎಲ್ಲರಿಗೂ ಪರಿಚಿತವಾದ ಆ ಸದ್ದು ಕೇಳುತ್ತದೆ, ಬಂದೂಕು ಯಾರದೋ ಕೈಗೆ ಬಂದು ಬೀಳುತ್ತದೆ. ಆದರೆ ನಿಮ್ಮ ಪ್ಯಾರಾದ ಮೇಲಿನ ಉಪಶೀರ್ಷಿಕೆ ‘ಗೊಂಬೆಯ ವೈಶಿಷ್ಟ್ಯ’ ಎಂದಿದೆ. ಗೊಂಬೆ ಕ್ಷಣಾರ್ಧದಲ್ಲಿ ಏನೂ ಆಗುವುದಿಲ್ಲ. ಅದು ತಾನಾಗಿ ಏನೂ ಆಗುವುದೇ ಇಲ್ಲ. ಒಬ್ಬ ಹುಡುಗ ಚಕ್ಕಳಮಕ್ಕಳ ಹಾಕಿ ಕುಳಿತು, ತೊಡೆಯ ಮೇಲಿಟ್ಟುಕೊಂಡು, ಎಳೆದು, ತಿರುಗಿಸಿ, ತಪ್ಪಾಗಿ ತಿರುಗಿಸಿದ್ದನ್ನು ಮತ್ತೆ ಹಿಂದಕ್ಕೆ ತಿರುಗಿಸಿ, ಎಲ್ಲಿ ಮುರಿದುಬಿಡುತ್ತದೋ ಎಂದು ಉಸಿರು ಬಿಗಿಹಿಡಿದು ಅದನ್ನು ಬದಲಿಸಬೇಕು. ಬಂದೂಕಿನ ಮೇಲಿದ್ದ ದುರ್ಬೀನನ್ನು ಕಳಚಿ ರೋಬೋಟಿನ ಬಲತೋಳಿಗೆ ಸಿಕ್ಕಿಸಿದರೆ ಅದೇ ಅವನ ಫಿರಂಗಿ. ಸೈಲೆನ್ಸರ್ ಮತ್ತು ಹೆಗಲಿಗೆ ಆನಿಸುವ ಸ್ಟಾಕ್ ಮಾತ್ರ ರೋಬೋಟಿನ ಮೈಯ ಭಾಗವಾಗದೆ ಪಕ್ಕದಲ್ಲಿ ಉಳಿದುಬಿಡುತ್ತವೆ. ಟ್ರಿಗರ್ ಹೋಗುವುದಿಲ್ಲ, ರೋಬೋಟ್ ಎದ್ದು ನಿಂತಾಗ ಅದು ಅವನ ಎರಡು ಕಾಲುಗಳ ನಡುವೆ ಹಾಗೆಯೇ ನೇತಾಡುತ್ತದೆ. ಭೂಮಂಡಲವನ್ನು ಗೆಲ್ಲಲು ಹೊರಟ ಸೇನಾಧಿಪತಿಯ ಪಾಡು ಇದು. ಈ ಗೊಂಬೆಯನ್ನು ಕೈಯಲ್ಲಿ ಹಿಡಿದ ಯಾವ ಹುಡುಗನೂ ಆ ಟ್ರಿಗರನ್ನು ನೋಡಿ ನಗದೆ ಇರಲಾರ, ಆದರೆ ನಿಮ್ಮ ಹದಿನಾಲ್ಕು ಪುಟಗಳಲ್ಲಿ ಅದರ ಸುಳಿವೇ ಇಲ್ಲ. ಬಂದೂಕೂ ಅಲ್ಲದ, ರೋಬೋಟೂ ಆಗದ, ನಡುವೆ ಎಲ್ಲೋ ನಿಂತ ಆ ಸ್ಥಿತಿಯಲ್ಲಿ ಗೊಂಬೆಯನ್ನು ಬಿಟ್ಟು ಊಟಕ್ಕೆ ಎದ್ದುಹೋದ ನೆನಪು ನಿಮಗಿಲ್ಲವೇ? ನೀವು ಬರೆಯಬೇಕಾದದ್ದು ಅದನ್ನು. ‘ಕ್ಷಣಾರ್ಧದಲ್ಲಿ’ ಎಂದು ಬರೆದ ಕೂಡಲೇ ಅದಷ್ಟೂ ಅಳಿಸಿಹೋಯಿತು.

ಇನ್ನು ‘ಅದ್ಭುತ’. ಪ್ರಬಂಧದಲ್ಲಿ ಈ ಪದ ಹನ್ನೆರಡು ಸಲ ಬಂದಿದೆ. ಎಣಿಸುವ ಅಭ್ಯಾಸ ನನಗೆ ಹೇಗೆ ಅಂಟಿತೆಂದು ಹೇಳಬೇಕು. ನಾನು ಕೆಲಸ ಕಲಿತದ್ದು ಒಂದು ಊರಿನ ಸಣ್ಣ ವಾರಪತ್ರಿಕೆಯಲ್ಲಿ, ಸೀಸದ ಅಚ್ಚುಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲದಲ್ಲಿ. ಊರಿಗೆ ಬಂದಿದ್ದ ಹಗಲುವೇಷದ ತಂಡವೊಂದರ ಬಗ್ಗೆ ಬರೆಯಲು ನನ್ನನ್ನು ಕಳಿಸಿದ್ದರು. ರಾತ್ರಿ ಕುಳಿತು, ಕಲಾವಿದ ಕ್ಷಣಾರ್ಧದಲ್ಲಿ ರಾವಣನಾದ, ಕ್ಷಣಾರ್ಧದಲ್ಲಿ ಆಂಜನೇಯನಾದ ಎಂದೆಲ್ಲ ಬರೆದುಕೊಟ್ಟೆ. ಮರುದಿನ ನಮ್ಮ ಹಿರಿಯ ಕಂಪೋಸಿಟರ್ ಕೈಯಲ್ಲಿ ಮೊಳೆ ಜೋಡಿಸುವ ಸ್ಟಿಕ್ ಹಿಡಿದುಕೊಂಡೇ ನನ್ನ ಮೇಜಿನ ಹತ್ತಿರ ಬಂದರು. “ತಮ್ಮಾ, ಈ ಕೇಸಿನಾಗೆ ಭ ಒತ್ತು ಇರೋದೇ ಏಳು. ನೀನು ಒಂದೇ ಪುಟದಾಗೆ ಒಂಬತ್ತು ಅದ್ಭುತ ಬರೆದೀಯ. ಎರಡು ತೆಗಿ” ಎಂದರು. ಅವರದ್ದು ವಿಮರ್ಶೆಯಾಗಿರಲಿಲ್ಲ, ಸೀಸದ ಲೆಕ್ಕವಾಗಿತ್ತು. ಆ ಒತ್ತು ಬೇಕಾಗುವ ಪದಗಳೇ ಕನ್ನಡದಲ್ಲಿ ಕಡಿಮೆಯಾದ್ದರಿಂದ ಯಾವ ಮುದ್ರಣಾಲಯದವರೂ ಅದನ್ನು ಹೆಚ್ಚಾಗಿ ತರಿಸುತ್ತಿರಲಿಲ್ಲ.

ಎರಡನ್ನು ತೆಗೆಯಲು ಕುಳಿತವನಿಗೆ ತೆಗೆದ ಜಾಗದಲ್ಲಿ ಇಡುವುದಕ್ಕೆ ಏನೂ ಇಲ್ಲವೆಂದು ಗೊತ್ತಾಯಿತು. ಆ ಮನುಷ್ಯ ರಾವಣನಾಗುವುದನ್ನು ನಾನು ನೋಡಿಯೇ ಇರಲಿಲ್ಲ, ಆದಮೇಲೆ ನೋಡಿದ್ದೆ. ಸೈಕಲ್ ಹತ್ತಿ ಮತ್ತೆ ಹೋದೆ. ಶಾಲೆಯ ಹಿಂಬದಿಯ ಗೋಡೆಗೆ ಒರಗಿ, ತಗಡಿನ ಪೆಟ್ಟಿಗೆಯ ಮುಚ್ಚಳಕ್ಕೆ ಕನ್ನಡಿ ಆನಿಸಿಕೊಂಡು, ಒಂದು ಕೆನ್ನೆಗೆ ಮಾತ್ರ ಅರ್ದಾಳ ಹಚ್ಚಿದ್ದ ಆತ ಬೀಡಿ ಸೇದುತ್ತಾ ಮಗಳ ಶಾಲೆಯ ಫೀಜಿನ ಬಗ್ಗೆ ಯಾರೊಂದಿಗೋ ಮಾತಾಡುತ್ತಿದ್ದ. ಅರ್ಧ ರಾವಣ, ಅರ್ಧ ಅಪ್ಪ. ಇನ್ನೊಂದು ಕೆನ್ನೆ ಮುಗಿಯುವವರೆಗೆ ನಾನು ಅಲ್ಲಿಂದ ಏಳಲಿಲ್ಲ. ಆ ವಾರದ ಬರಹದಲ್ಲಿ ಭ ಒತ್ತು ಒಂದೂ ಖರ್ಚಾಗಲಿಲ್ಲ. ಈಗ ಕಂಪ್ಯೂಟರಿನಲ್ಲಿ ಒತ್ತಕ್ಷರಕ್ಕೆ ಬರವಿಲ್ಲ ಎಂಬುದೇ ನಮ್ಮ ಕಷ್ಟ.

ಎರಡನೆಯ ವಾಕ್ಯಕ್ಕೆ ಬರೋಣ: “ಮಾಯಾಶಕ್ತಿಯಿಂದ ಗಾತ್ರವನ್ನೂ ಕುಗ್ಗಿಸಿಕೊಳ್ಳುತ್ತಾನೆ.” ನಿಮ್ಮ ಕೈಗೆ ಬಂದಿದ್ದ ಒಳ್ಳೆಯ ವಿಷಯವೊಂದನ್ನು ಮಾಯೆಯ ಹೆಸರಿನಲ್ಲಿ ಇಲ್ಲಿ ಚೆಲ್ಲಿಬಿಟ್ಟಿದ್ದೀರಿ. ಮೂವತ್ತು ಅಡಿಯ ರೋಬೋಟ್ ಅಂಗೈಯಷ್ಟು ಪಿಸ್ತೂಲಾಗುವುದು ಹೇಗೆ ಎಂಬ ಪ್ರಶ್ನೆಗೆ ಉತ್ತರ ಕಥೆಯೊಳಗಿಲ್ಲ, ಜಪಾನಿನ ಕಾರ್ಖಾನೆಯಲ್ಲಿದೆ. ನೀವೇ ಎರಡನೆಯ ಪುಟದಲ್ಲಿ ಹೇಳಿರುವಂತೆ ಈ ಗೊಂಬೆಗಳನ್ನು ರೂಪಿಸಿದ್ದು ಟಕಾರಾ ಸಂಸ್ಥೆ. ಆದರೆ ಅವು ಒಂದೇ ಸರಣಿಯವಲ್ಲ. ಅವನ ಎದುರಾಳಿ, ಲಾರಿಯಾಗುವ ಆಪ್ಟಿಮಸ್ ಪ್ರೈಮ್ ಬಂದದ್ದು ಡಯಾಕ್ಲೋನ್ ಸರಣಿಯಿಂದ, ಅಲ್ಲಿ ರೋಬೋಟ್‌ಗಳು ಮನುಷ್ಯರು ಒಳಗೆ ಕುಳಿತು ನಡೆಸುವ ದೈತ್ಯರು. ಮೆಗಾಟ್ರಾನ್ ಬಂದದ್ದು ಮೈಕ್ರೋಮ್ಯಾನ್ ಸರಣಿಯ 1983ರ ‘ಮೈಕ್ರೋ ಚೇಂಜ್’ ಎಂಬ ಉಪಸರಣಿಯಿಂದ, ಅಲ್ಲಿಯ ಪಾತ್ರಗಳೇ ಬೆರಳುದ್ದದವು, ನಮ್ಮ ಮನೆಯ ವಸ್ತುಗಳ ನಡುವೆ ಅಡಗಿ ಬದುಕುವಂಥವು. ಹಾಗಾಗಿ ಆ ಸರಣಿಯ ಗೊಂಬೆಗಳು ಮನೆಯಲ್ಲಿರುವ ಅಳತೆಯ ವಸ್ತುಗಳಾಗುತ್ತಿದ್ದವು: ಕ್ಯಾಸೆಟ್ ಪ್ಲೇಯರ್, ಸೂಕ್ಷ್ಮದರ್ಶಕ, ಜರ್ಮನಿಯ ವಾಲ್ಥರ್ ಪಿ38ರ ಮಾದರಿಯ ಪಿಸ್ತೂಲು. ಎರಡು ಬೇರೆ ಅಳತೆಯ ಲೋಕಗಳ ಗೊಂಬೆಗಳನ್ನು ಹಾಸ್ಬ್ರೋ ಒಂದೇ ಹೆಸರಿನಡಿ ಸೇರಿಸಿ ಒಂದನ್ನೊಂದು ಹೊಡೆದಾಡಲು ಬಿಟ್ಟಿತು. ಕಾರ್ಟೂನಿನವರಿಗೆ ಬೇರೆ ದಾರಿಯಿರಲಿಲ್ಲ, ಬದಲಾಗುವಾಗ ಮೆಗಾಟ್ರಾನ್ ಚಿಕ್ಕವನಾಗುತ್ತಾನೆ ಎಂದು ಬಿಡಿಸಿ ಮುಂದೆ ಹೋದರು. ಎರಡು ಬಟ್ಟೆ ಜೋಡಿಸಿದ ಹೊಲಿಗೆಯ ಗೆರೆ ಅದು. ಅದನ್ನು ಮಾಯಾಶಕ್ತಿ ಎಂದು ಕರೆಯುವುದು ಸೋಮಾರಿತನವೆಂದು ನನಗೆ ಅನ್ನಿಸುತ್ತದೆ, ಕ್ಷಮಿಸಿ.

ಮಾರೀಚನ ವಿಷಯದಲ್ಲಿ ನಾನು ನಿಜಕ್ಕೂ ಸಿಟ್ಟಾದೆ. ಹೊರದೇಶದ ವಸ್ತುವೊಂದನ್ನು ಹಿಡಿದ ತಕ್ಷಣ ನಮ್ಮ ಪುರಾಣದಿಂದ ಒಂದು ಹೆಸರನ್ನು ತಂದು ಪಕ್ಕದಲ್ಲಿ ನಿಲ್ಲಿಸುವುದು ನಮ್ಮ ಬರಹಗಾರರಿಗೆ ಒಂದು ಚಾಳಿಯಾಗಿದೆ. ತರುವುದೇ ಆದರೆ ಆ ಹೆಸರು ಹೊಂದುತ್ತದೆಯೇ ಎಂದಾದರೂ ನೋಡಬೇಡವೇ? ಮಾರೀಚ ಜಿಂಕೆಯಾದದ್ದು ರಾವಣನ ಒತ್ತಾಯಕ್ಕೆ, ಒಲ್ಲದ ಮನಸ್ಸಿನಿಂದ, ಸಾಯುತ್ತೇನೆಂದು ತಿಳಿದೇ. ಆಳು ಒಡೆಯನಿಗಾಗಿ ರೂಪ ಬದಲಿಸಿದ ಕಥೆ ಅದು. ಮೆಗಾಟ್ರಾನನದ್ದು ಅದಕ್ಕೆ ತದ್ವಿರುದ್ಧ: ಒಡೆಯನೇ ರೂಪ ಬದಲಿಸುತ್ತಾನೆ, ಬದಲಿಸಿದ ಮೇಲೆ ತನ್ನನ್ನು ತಾನು ಎತ್ತಿಕೊಳ್ಳಲಾರ. ಬಂದೂಕನ್ನು ಯಾರಾದರೂ ಹಿಡಿಯಬೇಕು, ಗುರಿಯಿಡಬೇಕು, ಟ್ರಿಗರ್ ಎಳೆಯಬೇಕು. ಕಾರ್ಟೂನಿನಲ್ಲಿ ಹಲವು ಸಲ ಹಾಗೆ ಹಿಡಿಯುವವನು ಸ್ಟಾರ್‌ಸ್ಕ್ರೀಮ್, ಅವನ ಸ್ಥಾನವನ್ನು ಕಸಿದುಕೊಳ್ಳಲು ಬಹಿರಂಗವಾಗಿಯೇ ಹೊಂಚುಹಾಕುತ್ತಿರುವ ಉಪನಾಯಕ. ಲೋಕವನ್ನೇ ಆಳಬೇಕೆನ್ನುವವನು ತನ್ನ ಅತ್ಯಂತ ಭಯಂಕರ ರೂಪದಲ್ಲಿ ತನ್ನ ದ್ರೋಹಿಯ ಅಂಗೈಯಲ್ಲಿ ಮಲಗಿರುತ್ತಾನೆ. ಮಕ್ಕಳ ಕಾರ್ಟೂನಿನಲ್ಲಿ, ಅದೂ ಗೊಂಬೆ ಮಾರಲೆಂದೇ ಮಾಡಿದ ಕಾರ್ಟೂನಿನಲ್ಲಿ, ಯಾರೂ ಯೋಜಿಸದೆ ಇಂಥದ್ದೊಂದು ಚಿತ್ರ ಹುಟ್ಟಿಕೊಂಡಿದೆ. ನಿಮ್ಮ ಪ್ರಬಂಧದಲ್ಲಿ ಸ್ಟಾರ್‌ಸ್ಕ್ರೀಮ್‌ನ ಹೆಸರು ಒಂದೇ ಸಲ, ಅದೂ ಪಾತ್ರಗಳ ಪಟ್ಟಿಯಲ್ಲಿ ಬಂದಿದೆ.

ಹಾಗಿದ್ದರೂ ಇಷ್ಟುದ್ದದ ಪತ್ರವನ್ನು ನಾನೇಕೆ ಬರೆಯುತ್ತಿದ್ದೇನೆ ಎಂದರೆ, ಒಂಬತ್ತನೆಯ ಪುಟದ ನಡುವೆ, ಬ್ಯಾಟರಿ ಇಲ್ಲದ ಆಟಿಕೆಗಳ ಬೆಲೆಯ ಚರ್ಚೆಯ ಮಧ್ಯದಲ್ಲಿ, ನೀವು ಯಾವ ಎಚ್ಚರವೂ ಇಲ್ಲದೆ ಬರೆದ ಒಂದು ವಾಕ್ಯಕ್ಕಾಗಿ: “ಸೋದರಮಾವ ನ್ಯೂಜೆರ್ಸಿಯಿಂದ ತಂದಾಗಲೇ ಅದು ಅವರ ಮಗ ಆಡಿ ಬಿಟ್ಟದ್ದಾಗಿತ್ತು, ಬೆಳ್ಳಿಯ ಲೇಪ ಒಂದು ಬದಿಯಲ್ಲಿ ಸವೆದು ಒಳಗಿನ ಬೂದು ಬಣ್ಣ ಕಾಣುತ್ತಿತ್ತು.” ಇದನ್ನು ಓದಿ ನಾನು ಹಾಳೆ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. ನಿಮಗಿಂತ ಮೊದಲು ಇನ್ನೊಬ್ಬ ಹುಡುಗ ಅದನ್ನು ಅದೆಷ್ಟೋ ಸಲ ಬಂದೂಕಿನಿಂದ ರೋಬೋಟ್ ಮಾಡಿ, ರೋಬೋಟಿನಿಂದ ಬಂದೂಕು ಮಾಡಿ, ಅವನ ಬೆರಳು ಪ್ರತಿ ಸಲವೂ ಬಿದ್ದ ಜಾಗದಲ್ಲಿ ಹೊಳಪು ಹೋಗಿದೆ. ನಿಮ್ಮ ಬೆರಳೂ ಅಲ್ಲಿಯೇ ಬಿದ್ದಿರಬೇಕು.

ಇತಿಹಾಸದ ಭಾಗ, ಟ್ಯಾಂಕಾಗಿ ಬದಲಾದ 1990ರ ದಶಕದ ಮೆಗಾಟ್ರಾನ್, ಬೆಲೆಪಟ್ಟಿ ಇವುಗಳ ಬಗ್ಗೆ ಈಗ ಏನೂ ಹೇಳುವುದಿಲ್ಲ. ಗೊಂಬೆ ಇನ್ನೂ ಮನೆಯಲ್ಲಿದ್ದರೆ ಅಟ್ಟದಿಂದ ಇಳಿಸಿ, ಒರೆಸಿ, ಮೊದಲಿನಿಂದ ಕೊನೆಯವರೆಗೆ ಒಮ್ಮೆ ಬದಲಿಸಿ ನೋಡಿ. ಯಾವ ಹೆಜ್ಜೆಯಲ್ಲಿ ಕೈ ತಡವರಿಸಿತು, ಯಾವ ಕೀಲು ಸಡಿಲವಾಗಿದೆ, ಯಾವ ಬಿಡಿಭಾಗ ಕಳೆದುಹೋಗಿದೆ, ಅದನ್ನಷ್ಟೇ ಎರಡು ಪುಟ ಬರೆದು ಕಳಿಸಿ. ಫೋಟೋ ಬೇಡ. ಆ ಸವೆದ ಬದಿ ಎಡವೋ ಬಲವೋ ಎಂಬುದನ್ನು ಮಾತ್ರ ಮರೆಯದೆ ಬರೆಯಿರಿ.

ಇಂತಿ,
ಸಂಪಾದಕ