ಹಾಡಿನ ಅಂಚೆ: ಡ್ರಮ್ಸ್ ಹಿಂದಿದ್ದ ದನಿ

ಪ್ರಶ್ನೆ: ಸರ್, ಹೋದ ಸಂಚಿಕೇಲಿ ರೆವಲ್ಯೂಶನ್ ಸೇಂಟ್ಸ್ ಅನ್ನೋ ಬ್ಯಾಂಡಿನ ಮೊದಲನೇ ಆಲ್ಬಂ ಕೇಳಿ ಅಂತ ಎರಡೇ ಸಾಲು ಬರೆದು ಬಿಟ್ಬಿಟ್ರಿ. ಕೇಳಿದೆ, ಚಂದ ಇದೆ, ಅಡ್ಡಿಲ್ಲ. ಆದ್ರೆ ಇದಕ್ಕೆ ಅಷ್ಟೊಂದು ಅಭಿಮಾನಿಗಳು ಯಾಕೆ ಅಂತ ತಿಳೀಲಿಲ್ಲ. ಸೂಪರ್‌ಗ್ರೂಪ್ ಅಂತಾರಲ್ಲ, ಹಾಗಂದ್ರೆ ಎಂಥದು? (ಕಾಲೇಜು ವಿದ್ಯಾರ್ಥಿ, ಕಾರವಾರ)

ಉತ್ತರ: ಮಳೆಗಾಲ ಮುಗಿದು ಯಕ್ಷಗಾನದ ಆಟ ಶುರುವಾದ್ಮೇಲೆ ನಮ್ಮ ಕಡೆ ಗೋಡೆ ಗೋಡೆ ಮೇಲೆ ಪೋಸ್ಟರ್ ಬೀಳುತ್ತಲ್ಲ, ಅತಿಥಿ ಕಲಾವಿದರ ಕೂಡುವಿಕೆಯಲ್ಲಿ ಅಂತ, ಒಂದು ಮೇಳದ ಭಾಗವತರು, ಇನ್ನೊಂದು ಮೇಳದ ಚಂಡೆಯವರು, ಮತ್ತೆಲ್ಲಿಂದಲೋ ಬಂದ ಎರಡನೇ ವೇಷ, ಎಲ್ಲಾ ಒಂದೇ ರಂಗಸ್ಥಳದಲ್ಲಿ. ಸೂಪರ್‌ಗ್ರೂಪ್ ಅಂದ್ರೆ ಅದೇ. ಬೇರೆ ಬೇರೆ ಬ್ಯಾಂಡಲ್ಲಿ ಹೆಸರು ಮಾಡಿದವರು ಸೇರಿ ಕಟ್ಟಿದ ಹೊಸ ಬ್ಯಾಂಡು. ಇದರಲ್ಲಿ ಇದ್ದವರು ಮೂರೇ ಜನ. ಬಾಸ್ ಗಿಟಾರಿಗೆ ನೈಟ್ ರೇಂಜರ್ ಬ್ಯಾಂಡಿನ ಜ್ಯಾಕ್ ಬ್ಲೇಡ್ಸ್, ಗಿಟಾರಿಗೆ 2014ರ ತನಕ ವೈಟ್‌ಸ್ನೇಕ್‌ನಲ್ಲಿದ್ದ ಡಗ್ ಆಲ್ಡ್ರಿಚ್, ಡ್ರಮ್ಸಿಗೆ ಅಮೆರಿಕದ ಜರ್ನಿ ಅನ್ನೋ ರಾಕ್ ಬ್ಯಾಂಡಿನ ಡೀನ್ ಕ್ಯಾಸ್ಟ್ರೊನೊವೊ. ಆಲ್ಬಂ ಬಂದಿದ್ದು 2015ರ ಫೆಬ್ರವರಿಯಲ್ಲಿ, ಬ್ಯಾಂಡಿನ ಹೆಸರೇ ಆಲ್ಬಂ ಹೆಸರು.

ಈಗ ನಿಮ್ಮ ಅಸಲು ಪ್ರಶ್ನೆಗೆ ಬರ್ತೇನೆ. ಇದರಲ್ಲಿ ಮುಖ್ಯ ಹಾಡುಗಾರ ಯಾರು ಗೊತ್ತಾ, ಡ್ರಮ್ಸ್ ಬಾರಿಸೋ ಡೀನ್. ಇದೇ ಇಡೀ ಆಲ್ಬಂನ ಗುಟ್ಟು. ಜರ್ನಿ ಬ್ಯಾಂಡ್ ಅಂದ್ರೆ ಜನಕ್ಕೆ ಸ್ಟೀವ್ ಪೆರ್ರಿ ಅವರ ದನಿ, ಎಷ್ಟು ಎತ್ತರಕ್ಕೆ ಹೋದ್ರೂ ಗಂಟಲು ಬಿಗಿಯದ ಅಂಥ ದನಿ. ಅವರು ಆ ಬ್ಯಾಂಡ್ ಜೊತೆ ಮಾಡಿದ ಕೊನೇ ಆಲ್ಬಂ 1996ರದ್ದು, 1998ಕ್ಕೆ ಪೂರ್ತಿ ಬಿಟ್ಟರು. ಅದೇ ವರ್ಷ ಡ್ರಮ್ಸಿಗೆ ಬಂದು ಕೂತವರು ಡೀನ್, ಮತ್ತು ಈ ಮನುಷ್ಯರ ಗಂಟಲಲ್ಲಿ ಪೆರ್ರಿ ದನಿಯ ಛಾಯೆ ಎದ್ದು ಕಾಣೋ ಹಾಗಿತ್ತು. ಮುಂದೆ ಹಾಡೋಕೆ ಬೇರೆಯವರು ಇದ್ರು, ಇವರು ಹಿಂದೆ ಕೂತು ಬಾರಿಸ್ತಾ ದನಿಗೂಡಿಸ್ತಾ ಇದ್ರು, ಸ್ಟೇಜ್ ಮೇಲೆ ಆಗೊಂದು ಈಗೊಂದು ಹಾಡು ಸಿಗ್ತಿತ್ತು, 2005ರ ಜನರೇಶನ್ಸ್ ಆಲ್ಬಂನಲ್ಲಿ ಬ್ಯಾಂಡಿನವರೆಲ್ಲ ಹಾಡಿದಾಗ ಇವರೂ ಹಾಡಿದ್ರು, ಅಷ್ಟೇ. ಮದ್ದಳೆಯವರು ರಾತ್ರಿಯಿಡೀ ಮದ್ದಳೆ ಬಾರಿಸಿ, ಯಾವತ್ತೋ ಒಂದಿನ ಭಾಗವತರಿಗೆ ಕೆಮ್ಮು ಬಂತು ಅಂತ ಜಾಗಟೆ ಹಿಡಿದು ಒಂದು ಪದ ಎತ್ತಿದ್ರೆ, ನಿದ್ದೆ ತೂಗ್ತಾ ಇದ್ದವರೆಲ್ಲ ಕಣ್ಣುಜ್ಜಿ ಚಾಪೆ ಮೇಲೆ ಎದ್ದು ಕೂತ್ಕೊಳ್ತಾರಲ್ಲ, ಹಾಂಗೆ ಆಯ್ತು ಈ ಆಲ್ಬಂ ಬಂದಾಗ. ಹತ್ತೊಂಬತ್ತು ವರ್ಷದಿಂದ ಆ ಥರದ ದನಿಯಲ್ಲಿ ಹೊಸ ಹಾಡು ಬೇಕು ಅಂತ ಕಾಯ್ತಿದ್ದವರಿಗೆ ಒಂದಲ್ಲ ಎರಡಲ್ಲ, ಆಲ್ಬಂ ತುಂಬಾ ಸಿಕ್ಕಿತು.

ಇದರಲ್ಲಿ ಹೊಸದೇನಿದೆ ಅಂತ ನೀವು ಕೇಳ್ಬಹುದು. ಹೊಸದು ಇಲ್ಲ, ನಾನು ಒಪ್ತೇನೆ. ಈ ಅಭಿಮಾನಿಗಳು ಹೊಸದು ಕೇಳಿದವರೂ ಅಲ್ಲ. ಇನ್ನು ಈ ಜನ್ಮಕ್ಕೆ ಸಿಗಲ್ಲ ಅಂದ್ಕೊಂಡಿದ್ದನ್ನ ತಿರುಗಿ ಕೇಳಿದ ಸಂತೋಷ ಅದು.

ಇನ್ನೊಂದ್ಸಲ ಕೇಳುವಾಗ ಹೀಗೆ ಮಾಡಿ. ಮೊದಲನೇ ಹಾಡು ಬ್ಯಾಕ್ ಆನ್ ಮೈ ಟ್ರೇಲ್ ಹಾಕಿ ಡ್ರಮ್ಸ್ ಒಂದನ್ನೇ ಹಿಂಬಾಲಿಸಿ, ಆಮೇಲೆ ದನಿ ಒಂದನ್ನೇ. ಎರಡೂ ಒಬ್ಬರದೇ ಅಂತ ಮನಸ್ಸಿಗೆ ಹತ್ತಿದ ಮೇಲೆ ಹಾಡೇ ಬೇರೆ ಆಗುತ್ತೆ, ಎಲ್ಲಿ ಉಸಿರು ತಗೋತಾರೋ ಅಲ್ಲಿ ಕೈಗೂ ಜಾಗ ಬಿಟ್ಟಿದಾರೆ ಅಂತ ನನಗಂತೂ ಕೇಳುತ್ತೆ.

ಪ್ರಶ್ನೆ: ಇದು ಗೆಳೆಯರು ಸೇರಿ ಕಟ್ಟಿದ ಬ್ಯಾಂಡ್ ಅಲ್ಲ, ಕಂಪನಿಯವರು ಆರಿಸಿ ಕೂಡಿಸಿದ್ದು ಅಂತಾರೆ. ಹಾಗಿದ್ರೆ ಅದರಲ್ಲಿ ಜೀವ ಹ್ಯಾಗೆ ಇರುತ್ತೆ? (ಓದುಗರು, ಶಿರಸಿ)

ಉತ್ತರ: ಕಂಪನಿಯವರು ಕೂಡಿಸಿದ್ದು ಹೌದು. ಇಟಲಿಯ ನೇಪಲ್ಸ್ ಊರಿನ ಫ್ರಾಂಟಿಯರ್ಸ್ ಅನ್ನೋ ಕಂಪನಿ, ಅದನ್ನ ಕಟ್ಟಿದ ಸೆರಾಫಿನೊ ಪೆರುಜಿನೊ ಅವರಿಗೆ ಡೀನ್ ಅವರನ್ನ ಮುಂದೆ ನಿಲ್ಲಿಸಿ ಹಾಡಿಸ್ಬೇಕು ಅಂತ ಮನಸ್ಸಿತ್ತು. ಪ್ರೊಡ್ಯೂಸರ್ ಅಲೆಸ್ಸಾಂಡ್ರೊ ಡೆಲ್ ವೆಕಿಯೊ, ಕೀಬೋರ್ಡೂ ಅವರದೇ.

ಆದ್ರೆ ಯೋಚನೆ ಮಾಡಿ, ತಾಳಮದ್ದಲೆಗೆ ಅರ್ಥಧಾರಿಗಳನ್ನ ಕರೆಸೋರು ಯಾರು, ಊರಿನ ಯಾರೋ ಒಬ್ಬರು ಇವರಿಗೆ ಕೃಷ್ಣ, ಅವರಿಗೆ ಕೌರವ ಅಂತ ಮೊದಲೇ ತೀರ್ಮಾನ ಮಾಡಿ ಫೋನ್ ಮಾಡಿರ್ತಾರೆ, ಇಬ್ಬರೂ ಊಟದ ಹೊತ್ತಿಗೆ ಬಂದು ಕೈಕಾಲು ತೊಳೆದು ಕೂತ್ಕೊಳ್ತಾರೆ, ಆದ್ರೂ ಮಾತಿಗೆ ಮಾತು ಹತ್ತಿದಾಗ ಬೆಳಗಾಗಿದ್ದೇ ಗೊತ್ತಾಗಲ್ಲ. ಕೂಡಿಸಿದವರು ಯಾರು ಅನ್ನೋದಕ್ಕಿಂತ ಆರಿಸಿದ್ದು ಸರಿಯಾಯ್ತಾ ಅನ್ನೋದು ನನಗೆ ದೊಡ್ಡದು. ಇಲ್ಲಿ ಸರಿಯಾಗಿದೆ. ಆಲ್ಡ್ರಿಚ್ ಅವರ ಗಿಟಾರ್ ಸ್ವಲ್ಪ ಒರಟು, ತಂತಿ ಎಳೆದು ನಡುಗಿಸೋ ಕೈ. ಅದು ಇಲ್ದೇ ಇದ್ರೆ ಇಷ್ಟು ಮಧುರವಾದ ಪಲ್ಲವಿಗಳು ಬೆಲ್ಲದ ಪಾಕ ಜಾಸ್ತಿಯಾದ ಹಾಗೆ ಆಗ್ತಿದ್ವು. ಕೆಲವು ಹಾಡು ಒಂದೇ ಅಚ್ಚಿನವು ಅನ್ನಿಸೋದು ನಿಜ, ಆಲ್ಬಂ ಒಂದೆರಡು ಹಾಡು ಚಿಕ್ಕದಿದ್ರೆ ಚಲೋ ಇತ್ತು. ಇನ್ನೊಂದು ಮಾತು, ಮೂರು ಆಲ್ಬಂ ಆದ್ಮೇಲೆ ಬ್ಲೇಡ್ಸ್, ಆಲ್ಡ್ರಿಚ್ ಇಬ್ಬರೂ ಹೋದ್ರು, 2023ರ ನಾಲ್ಕನೇ ಆಲ್ಬಂ ಈಗಲ್ ಫ್ಲೈಟ್‌ನಲ್ಲಿ ಜೋಯಲ್ ಹೋಕ್ಸ್ಟ್ರಾ, ಜೆಫ್ ಪಿಲ್ಸನ್ ಬಂದ್ರು. ಹಾಡೋರು ಮಾತ್ರ ಡೀನ್ ಅವರೇ. ಬ್ಯಾಂಡ್ ಯಾವುದರ ಮೇಲೆ ನಿಂತಿದೆ ಅಂತ ಅದರಲ್ಲೇ ಗೊತ್ತಾಗುತ್ತಲ್ಲ.

ಪ್ರಶ್ನೆ: ಇದಕ್ಕೂ ಮೊದಲಿನ ಇಂಥ ಬ್ಯಾಂಡು ಯಾವ್ದು ಕೇಳ್ಬೇಕು? (ಓದುಗರು, ಕುಮಟಾ)

ಉತ್ತರ: ಮೂರು ಹೇಳ್ತೇನೆ. 1982ರ ಏಷ್ಯಾ, ನಾಲ್ಕೂ ಜನ ಇಂಗ್ಲೆಂಡಿನ ದೊಡ್ಡ ದೊಡ್ಡ ಬ್ಯಾಂಡಿಂದ ಬಂದವರು, ಮೊದಲನೇ ಆಲ್ಬಂ ಅಮೆರಿಕದಲ್ಲಿ ಒಂಬತ್ತು ವಾರ ಮೊದಲ ಸ್ಥಾನದಲ್ಲಿತ್ತು. 1990ರ ಡ್ಯಾಮ್ ಯಾಂಕೀಸ್, ಅದರಲ್ಲೂ ಇದೇ ಜ್ಯಾಕ್ ಬ್ಲೇಡ್ಸ್ ಇದ್ರು, ಹೈ ಎನಫ್ ಹಾಡು ಕೇಳಿ.

ನನ್ನ ಜೀವ ಇರೋದು ಮಾತ್ರ 1989ರ ಬ್ಯಾಡ್ ಇಂಗ್ಲಿಷ್ ಮೇಲೆ. ಹಡಗಿನ ಕೆಲಸದಲ್ಲಿದ್ದ ದೊಡ್ಡಪ್ಪನ ಮಗ ರಜೆಗೆ ಬಂದಾಗ ತಂದುಕೊಟ್ಟ ಕ್ಯಾಸೆಟ್ಟು. ಕಾರವಾರದ ಮಳೆಗಾಲ ನಿಮಗೆ ಗೊತ್ತಲ್ಲ, ಜುಲೈ ಮುಗಿಯೋದ್ರೊಳಗೆ ಟೇಪಿನ ಅಂಚಿಗೆ ಬೆಳ್ಳಗೆ ಬೂಷ್ಟು ಹಿಡಿಯೋದು, ಆಮೇಲೆ ದನಿ ನೀರೊಳಗೆ ಮುಳುಗಿದ ಹಾಗೆ. ಇದೊಂದು ಕ್ಯಾಸೆಟ್ಟು ಹಾಳಾಗ್ಬಾರ್ದು ಅಂತ ಅಮ್ಮ ಹಲಸಿನ ಹಪ್ಪಳದ ಬಿಗಿ ಮುಚ್ಚಳದ ಡಬ್ಬಿಯಲ್ಲಿ ಹಪ್ಪಳದ ಮೇಲೇ ಇಡ್ತಿದ್ಲು, ತೆಗೆದಾಗ ಪೆಟ್ಟಿಗೆಗೆ ಇಂಗು ಮೆಣಸಿನ ವಾಸನೆ. ಒಳಗಿನ ಕಾಗದದಲ್ಲಿ ಸಣ್ಣ ಅಕ್ಷರದ ಹೆಸರುಗಳೆಲ್ಲ ಬಾಯಿಪಾಠ. ಹಾಡೋಕೆ ಜಾನ್ ವೇಟ್, ಜರ್ನಿಯಿಂದ ಬಂದ ನೀಲ್ ಶಾನ್ ಮತ್ತು ಜೋನಥನ್ ಕೇನ್, ಬಾಸಿಗೆ ರಿಕಿ ಫಿಲಿಪ್ಸ್. ಡ್ರಮ್ಸಿನ ಮುಂದೆ ಡೀನ್ ಕ್ಯಾಸ್ಟ್ರೊನೊವೊ. ಹೌದು, ಅದೇ ಡೀನ್. ವೆನ್ ಐ ಸೀ ಯು ಸ್ಮೈಲ್ ಆ ವರ್ಷ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋದ ಹಾಡು, ನೂರು ಸಲ ಕೇಳಿದೇನೆ, ಆ ಡ್ರಮ್ಸ್ ಹಿಂದೆ ಇಂಥ ದನಿ ಕೂತಿದೆ ಅಂತ ಯಾರಿಗೆ ಗೊತ್ತಿತ್ತು. 2015ರಲ್ಲಿ ಕೊಂಕಣ ರೈಲಲ್ಲಿ ಅಂಕೋಲಾ ದಾಟುವಾಗ ಇಯರ್‌ಫೋನಲ್ಲಿ ಅವರು ಹಾಡೋದು ಕೇಳಿ ನನಗೆ ಮೊದಲು ನೆನಪಾಗಿದ್ದು ಆ ಹಪ್ಪಳದ ಡಬ್ಬಿ.

ಪ್ರಶ್ನೆ: ನನಗೆ ಇಂಗ್ಲಿಷ್ ಅಷ್ಟು ಬರಲ್ಲ. ಕೇಳಿದ್ರೆ ಪ್ರಯೋಜನ ಉಂಟಾ? (ಓದುಗರು, ಹೊನ್ನಾವರ)

ಉತ್ತರ: ಉಂಟು. ರೆವಲ್ಯೂಶನ್ ಸೇಂಟ್ಸ್ ಆಲ್ಬಂನದು ಮೆಲೊಡಿಕ್ ಹಾರ್ಡ್ ರಾಕ್, ಅಂದ್ರೆ ಗಿಟಾರ್ ಎಷ್ಟೇ ಗಡುಸಾಗಿದ್ರೂ ರಾಗ ಮೇಲೆ ಇರ್ಬೇಕು, ಪಲ್ಲವಿಗೆ ಮುಂಚೆ ಒಂದು ಏರು, ಆಮೇಲೆ ನಾಲ್ಕೈದು ದನಿ ಸೇರಿ ಪಲ್ಲವಿ. ಎರಡನೇ ಸಲ ಬರುವಾಗ ನೀವೇ ಗುನುಗ್ತೀರಿ. ವೇ ಟು ದ ಸನ್ ಇಂದ ಶುರು ಮಾಡಿ, ಅದಕ್ಕೆ ನೀಲ್ ಶಾನ್ ಅತಿಥಿಯಾಗಿ ಬಂದು ಗಿಟಾರ್ ಬಾರಿಸಿದಾರೆ, ಅಲ್ಲಿ ಭಾಷೆ ಬೇಕಾಗೋದೇ ಇಲ್ಲ.

ಪ್ರಶ್ನೆ: ನನ್ನ ಮಗ ಪಿಯುಸಿ. ರೂಮಿನ ಬಾಗಿಲು ಹಾಕ್ಕೊಂಡು ಇದನ್ನೇ ಕೇಳ್ತಾನೆ, ಕೇಳಿದ್ರೆ ನಿಂಗೆ ಅರ್ಥ ಆಗಲ್ಲಮ್ಮಾ ಅಂತಾನೆ. ಬೇಜಾರಾಗುತ್ತೆ. (ಗೃಹಿಣಿ, ಅಂಕೋಲಾ)

ಉತ್ತರ: ಅಕ್ಕಾ, ಬೇಜಾರು ಮಾಡ್ಕೋಬೇಡಿ. ಆ ಆಲ್ಬಂನಲ್ಲಿ ಯು ಆರ್ ನಾಟ್ ಅಲೋನ್ ಅಂತ ಒಂದು ನಿಧಾನದ ಹಾಡಿದೆ, ನೀನು ಒಂಟಿಯಲ್ಲ ಅಂತ ಅರ್ಥ. ಡೀನ್ ಜೊತೆ ಅದರಲ್ಲಿ ಹಾಡಿದವರು ಆರ್ನೆಲ್ ಪಿನೆಡಾ, ಫಿಲಿಪ್ಪೀನ್ಸಿನವರು, ಚಿಕ್ಕಂದಿನಲ್ಲಿ ತಾಯಿ ತೀರಿಕೊಂಡು ಮನಿಲಾದ ಬೀದಿಯಲ್ಲಿ ಮಲಗಿ ಬೆಳೆದವರು, ಯೂಟ್ಯೂಬಲ್ಲಿ ಅವರ ಹಾಡು ನೋಡಿಯೇ 2007ರಲ್ಲಿ ಜರ್ನಿಯವರು ಹಾಡೋಕೆ ಕರೆಸಿಕೊಂಡಿದ್ದು. ಸಂಜೆ ಚಾ ತಗೊಂಡು ಅವನ ರೂಮಿಗೆ ಹೋಗಿ, ಆ ಹಾಡು ಹಾಕೋ ಅನ್ನಿ, ಇದರಲ್ಲಿ ಡೀನ್ ಯಾವುದು, ಆರ್ನೆಲ್ ಯಾವುದು, ನನಗೆ ಗುರುತು ಹಿಡಿಯೋದು ಕಲಿಸಿಕೊಡು ಅಂತ ಕೇಳಿ. ದನಿಗಳು ಹತ್ತಿರ ಹತ್ತಿರ ಇವೆ, ಅವನೂ ಎರಡು ಸಲ ತಿರುಗಿ ಹಾಕ್ಬೇಕಾಗುತ್ತೆ.